ಮೇಷ್ಟ್ರ ಪೈಪು ಮಾತ್ರ ಉಗುರಿನಗಲ ಉದ್ದ

ಅಂಚಕ್ಕ ಬ್ಲೇಡು ಹಿಡಿದಳೆಂದರೆ ಅಂಗಡಿಯಲ್ಲಿ ಯಾರೂ ಅವಳನ್ನು ಮಾತಾಡಿಸಬಾರದು. ಫೋನು ಬಡಿದುಕೊಳ್ಳಲಿ, ಗಿರಾಕಿ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳಲಿ, ಯಜಮಾನರೇ ಬಂದು ಎದುರಿಗೆ ನಿಲ್ಲಲಿ, ಬ್ಲೇಡು ಪೈಪನ್ನು ಪೂರ್ತಿ ಒಂದು ಸುತ್ತು ಸುತ್ತಿ ಹೊರಟ ಜಾಗಕ್ಕೇ ಬಂದು ಸೇರುವ ತನಕ ಅವಳು ತಲೆ ಎತ್ತುತ್ತಿರಲಿಲ್ಲ. ನಡುವೆ ಕೈ ನಿಂತರೆ ಆ ಜಾಗದಲ್ಲಿ ಒಂದು ಸಣ್ಣ ಮೆಟ್ಟಿಲು ಬೀಳುತ್ತದಂತೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿದರೆ ಸಿಗುತ್ತದೆ. ಕಾರಿನೊಳಗೆ ಕಾದ ನೀರು ಆ ಮೆಟ್ಟಿಲನ್ನೇ ಹುಡುಕಿಕೊಂಡು ಹೋಗಿ ಸೋರುತ್ತದೆ ಎಂದು ಅವಳು ಹೇಳುತ್ತಿದ್ದಳು.

ಅವಳಿಗೆ ತಾಯಿ ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ದಿನಕ್ಕೆ ಹತ್ತು ಸಲ "ಅಂಚು ನೋಡು, ಅಂಚು ನೋಡು" ಎನ್ನುತ್ತಿದ್ದಳೆಂದು ಯಜಮಾನರು ಅವಳಿಗೆ ಅಂಚಕ್ಕ ಎಂದು ಹೆಸರಿಟ್ಟರು. ನಾನು ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಕೊಯ್ದ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಟೇಪು ಹಚ್ಚುತ್ತಿದ್ದೆ, ಹಾಗಾಗಿ ನಾನು ಟೇಪಮ್ಮ. ನಮ್ಮ ಯಜಮಾನರಿಗೆ ಹೆಸರಿಡುವ ಚಟ. ತಮಗೂ ಒಂದು ಹೆಸರು ಬಿದ್ದಿದೆ ಎನ್ನುವುದು ಮಾತ್ರ ಅವರಿಗೆ ಕೊನೆಯ ತನಕ ಗೊತ್ತಾಗಲಿಲ್ಲ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ನನ್ನ ಗಂಡ ತೀರಿಕೊಂಡು, ಮನೆಯ ಗೋಡೆಗಳೆಲ್ಲ ಮೈಮೇಲೆ ಬಂದಂತಾಗಿ, ಯಾವ ಕೆಲಸವಾದರೂ ಸರಿ ಎಂದು ಆ ಅಂಗಡಿಗೆ ಸೇರಿದವಳು ನಾನು. ಅಂಚಕ್ಕ ಆಗಲೇ ಅಲ್ಲಿ ಹದಿನೆಂಟು ವರ್ಷ ಕಳೆದಿದ್ದಳು. ಕಾರು, ಲಾರಿಗಳ ಪೈಪು ಮಾರುವ ಅಂಗಡಿ ಅದು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಪೈಪು. ಕಪ್ಪು, ಕೆಂಪು, ನೀಲಿ, ನೆಟ್ಟಗಿನವು, ಮೊಣಕೈಯ ಹಾಗೆ ಬಾಗಿದವು. ಕಿಟಕಿಯ ಕೆಳಗೆ ಅವಳ ಮೇಜು. ಮೇಜಿನ ಮೇಲೆ ಒಂದು ಗಾಜಿನ ಹಲಗೆ, ಒಂದು ಬಟ್ಟಲು ಸಾಬೂನಿನ ನೀರು, ಉದ್ದನೆಯ ತೆಳು ಬ್ಲೇಡುಗಳ ಡಬ್ಬಿ, ಲಟ್ಟಣಿಗೆಯ ಹಾಗಿದ್ದ, ಬೇರೆ ಬೇರೆ ದಪ್ಪದ ಮರದ ಗುಂಡುಗಳು.

ಸಿಲಿಕೋನ್ ಪೈಪು ನೋಡಲು ಮೆತ್ತಗಿರುತ್ತದೆ, ಆದರೆ ಬಲು ಮೊಂಡು. ಅದರ ಹೊಟ್ಟೆಯಲ್ಲಿ ಮೂರು ನಾಲ್ಕು ಪದರ ಬಟ್ಟೆ ಇರುತ್ತದೆ. ಮೊಂಡಾದ ಬ್ಲೇಡಿನಲ್ಲಿ ಕೊಯ್ದರೆ ಬಟ್ಟೆಯ ಎಳೆಗಳು ಕಿತ್ತು ಬಂದು ಅಂಚು ಹಳೇ ಚಾಪೆಯ ತುದಿಯ ಹಾಗಾಗುತ್ತದೆ. ಕೈಯಲ್ಲಿ ಹಿಚುಕಿ ಹಿಡಿದು ಕೊಯ್ದರೆ ಅಂಚು ಓರೆಯಾಗುತ್ತದೆ. ಅಂಚಕ್ಕ ಮೊದಲು ಪೈಪಿನೊಳಗೆ ಬಿಗಿಯಾಗಿ ಕೂರುವ ಮರದ ಗುಂಡು ತೂರಿಸುವಳು. ಕೊಯ್ಯುವ ಜಾಗಕ್ಕೆ, ಕಾರಿನಲ್ಲಿ ಪೈಪು ಬಿಗಿಯುತ್ತಾರಲ್ಲ ಆ ಉಕ್ಕಿನ ಪಟ್ಟಿಯ ಕ್ಲಿಪ್ಪನ್ನೇ ಸುತ್ತಿ ತಿರುಪು ಬಿಗಿಯುವಳು. ಬ್ಲೇಡನ್ನು ಸಾಬೂನು ನೀರಿನಲ್ಲಿ ಅದ್ದಿ ಆ ಪಟ್ಟಿಯ ಅಂಚಿಗೆ ಒರಗಿಸಿ ಹಿಡಿದರೆ ಮುಗಿಯಿತು, ಆಮೇಲೆ ಬ್ಲೇಡು ಅಲ್ಲಾಡುವುದಿಲ್ಲ, ಪೈಪು ತಿರುಗುತ್ತದೆ. ಎಡಗೈಯಲ್ಲಿ ಮೆಲ್ಲಗೆ, ಮಲಗಿದ ಮಗುವನ್ನು ಮಗ್ಗುಲು ಬದಲಿಸಿದ ಹಾಗೆ ತಿರುಗಿಸುವಳು. ಒಂದೇ ಸುತ್ತು. ತುಂಡು ಬೇರೆಯಾದ ಮೇಲೆ ಅದನ್ನು ಗಾಜಿನ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಬಗ್ಗಿ, ಕಿಟಕಿಯ ಬೆಳಕಿಗೆ ನೋಡುವಳು. ತುಂಡಿಗೂ ಗಾಜಿಗೂ ನಡುವೆ ಬೆಳಕಿನ ಒಂದು ಎಳೆ ಕಂಡರೂ ಅದು ಕಸದ ಬುಟ್ಟಿಗೆ. ನಾನು ಅಲ್ಲಿದ್ದ ವರ್ಷಗಳಲ್ಲಿ ಬುಟ್ಟಿಗೆ ಬಿದ್ದದ್ದು ನನ್ನ ಎರಡು ಕೈ ಬೆರಳುಗಳಿಗಿಂತ ಕಡಿಮೆ.

ಇನ್ನೊಂದು ಪದ್ಧತಿ ಇತ್ತು ನಮ್ಮಲ್ಲಿ. ಬಾಯಿಮಾತಿನ ಅಳತೆ ನಾವು ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬೊಬ್ಬರ ಅಳತೆ ಟೇಪು ಒಂದೊಂದು ಥರ, ಒಬ್ಬೊಬ್ಬರು ಓದುವುದೂ ಒಂದೊಂದು ಥರ. ಅದಕ್ಕೇ ಗಿರಾಕಿ ಎಷ್ಟು ಉದ್ದ ಬೇಕೋ ಅಷ್ಟು ಉದ್ದದ ಒಂದು ರಟ್ಟಿನ ಪಟ್ಟಿ ಕತ್ತರಿಸಿ ತರಬೇಕು. ಅಂಚಕ್ಕ ಆ ಪಟ್ಟಿಯನ್ನು ಪೈಪಿಗೆ ಇಟ್ಟು ಗುರುತು ಹಾಕಿ ಕೊಯ್ಯುವಳು. ಪಟ್ಟಿ ಮೇಜಿನ ಪಕ್ಕದ ಮೊಳೆಗೆ ಬೀಳುವುದು, ವಾರಕ್ಕೊಮ್ಮೆ ಮೊಳೆ ಖಾಲಿ ಮಾಡಿ ಕಸಕ್ಕೆ ಹಾಕುವುದು ನನ್ನ ಕೆಲಸ.

ಅವಳು ಬದುಕಿದ್ದಾಗ ಅವಳ ಕೋಣೆಗೆ ನಾನು ಹೋದದ್ದು ಒಂದೇ ಸಲ. ಅವಳಿಗೆ ಜ್ವರ ಬಂದು ಎರಡು ದಿನ ಬಾರದಿದ್ದಾಗ ನೋಡಿಬರಲು ಹೋಗಿದ್ದೆ. ಒಂದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಕೋಣೆ. ನೆಲ ಎಷ್ಟು ಚೊಕ್ಕಟವಾಗಿತ್ತೆಂದರೆ ಕಾಲಿಡಲು ಹೆದರಿಕೆಯಾಯಿತು. "ಭಾನುವಾರ ಒಂದ್ಸಲ ತೊಳೀತೀನಿ. ಆಮೇಲೂ ಹೊತ್ತು ಉಳಿಯುತ್ತಲ್ಲ, ಇನ್ನೊಂದ್ಸಲ ತೊಳೀತೀನಿ" ಎಂದಳು. ನಗುತ್ತಲೇ ಹೇಳಿದಳು. ಕುಡಿಯಲು ನೀರು ಕೊಟ್ಟಳು. ಅವಳಲ್ಲಿ ಎರಡು ಲೋಟಗಳಿದ್ದವು. ನನಗೆ ಕೊಟ್ಟ ಲೋಟದ ತಳಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಆ ಚೀಟಿ ಹಳದಿಗಟ್ಟಿತ್ತು. ಮದುವೆಯಾಗಿತ್ತು ಅವಳಿಗೆ, ಎಂಟು ತಿಂಗಳ ಸಂಸಾರ. ಗಂಡ ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೋದ, ಮೂರು ಕಾಗದ ಬಂದವು, ನಾಲ್ಕನೆಯದು ಬರಲಿಲ್ಲ. ಇದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಮೇಷ್ಟ್ರು ಅಂಗಡಿಗೆ ಬಂದದ್ದು ಅದಾದ ಎಷ್ಟೋ ವರ್ಷಗಳಿಗೆ. ಅಂಚಕ್ಕನಿಗೆ ಆಗ ಐವತ್ತೇಳು. ಇಸ್ತ್ರಿ ಮಾಡಿದ ಅಂಗಿ, ಅಂಗಿಯ ತೋಳಿನ ಮೇಲೆ ಗ್ರೀಸಿನ ಕಲೆ, ಕೈಯಲ್ಲಿ ಮೊಣಕೈಯ ಹಾಗೆ ಬಾಗಿದ ನೀಲಿ ಸಿಲಿಕೋನ್ ಪೈಪು. ಅದರ ಅಂಚು ನೋಡಿದ ಅಂಚಕ್ಕ ಮುಖ ಹಿಂಡಿದಳು.

"ಇದನ್ನ ಕೊಯ್ದಿದ್ದೀರೋ, ಕಚ್ಚಿದ್ದೀರೋ?"

"ಕಬ್ಬಿಣ ಕೊಯ್ಯೋ ಹ್ಯಾಕ್ಸಾ ಬ್ಲೇಡಲ್ಲಿ ಕೊಯ್ದೆ" ಎಂದರು ಅವರು, ತಪ್ಪು ಮಾಡಿದ ಹುಡುಗನ ಹಾಗೆ.

"ಪಾಪ, ಇದಕ್ಕೆ ಬಾಯಿದ್ದಿದ್ರೆ ಬೀದಿಯವರೆಲ್ಲ ಸೇರ್ತಿದ್ರು."

ಗಲ್ಲಾದ ಹತ್ತಿರ ಕೂತಿದ್ದ ಯಜಮಾನರು ಕೇಳಿದರು: "ಸಾರ್ ಯಾವ ಗ್ಯಾರೇಜು?"

"ಗ್ಯಾರೇಜಲ್ಲ ಸ್ವಾಮಿ, ಮನೆ. ಲೆಕ್ಕದ ಮೇಷ್ಟ್ರಾಗಿದ್ದೆ, ಈಗ ರಿಟೈರಾದೆ. ಹಳೇ ಕಾರೊಂದಿದೆ, ಅದಕ್ಕೆ ಬೇರೆ ಗಾಡೀದು ದೊಡ್ಡ ಎಂಜಿನ್ ಕೂರಿಸ್ತಾ ಇದ್ದೀನಿ. ಕೂತೇನೋ ಕೂತಿದೆ. ಆದ್ರೆ ಯಾವ ಪೈಪೂ ಹಳೇ ಜಾಗಕ್ಕೆ ಬರ್ತಾ ಇಲ್ಲ. ಒಂಬತ್ತು ತುಂಡು ಬೇಕು, ಒಂಬತ್ತೂ ಬೇರೆ ಬೇರೆ ಅಳತೆ."

"ಮನೇಲಿ ಏನೂ ಅನ್ನಲ್ವಾ ಸಾರ್?"

"ಅನ್ನೋರು ಇದ್ದಿದ್ರೆ ಕಾರಿನ ಗೊಡವೆಗೆ ಯಾಕೆ ಹೋಗ್ತಿದ್ದೆ?" ಎಂದು ಮೇಷ್ಟ್ರು ನಕ್ಕರು. ಹೆಂಡತಿ ಹೋಗಿ ಆರು ವರ್ಷವಾಗಿತ್ತು ಎಂದು ಆಮೇಲೆ ತಿಳಿಯಿತು. ಮಕ್ಕಳಿರಲಿಲ್ಲ.

ಅಂಚಕ್ಕ ರಟ್ಟಿನ ಪಟ್ಟಿಯ ವಿಷಯ ಹೇಳಿ ಕಳಿಸಿದಳು. ಮಾರನೆಯ ದಿನ ಅವರು ಪಟ್ಟಿ ತಂದರು. ಅಂಥ ಪಟ್ಟಿಯನ್ನು ನಾವು ಕಂಡೇ ಇರಲಿಲ್ಲ. ನಾಲ್ಕು ಮೂಲೆಯೂ ಚೂಪಾಗಿ, ನೇರವಾಗಿ, ಮೇಲೆ ಪೆನ್ಸಿಲಿನಲ್ಲಿ ಒಂದು ಅಂತ ಸಂಖ್ಯೆ ಬರೆದು ಕೆಳಗೆ ಗೀಟು ಎಳೆದಿದ್ದರು. ಅಂಚಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ನನಗಂತೂ ಅದು ಎಂದಿಗೂ ಮರೆಯುವುದಿಲ್ಲ, ಇನ್ನೊಬ್ಬರ ಕೆಲಸದ ಅಂಚನ್ನು ಅವಳು ಒಪ್ಪಿಕೊಂಡದ್ದು ಅದೇ ಮೊದಲು.

ಅವಳು ಬ್ಲೇಡು ಹಿಡಿದಾಗ ಮೇಷ್ಟ್ರು ಎದುರಿನ ಸ್ಟೂಲಿನ ಮೇಲೆ ಕೂತು, ಯಾರೂ ಹೇಳದೆಯೇ, ಕೈಕಟ್ಟಿ ಸುಮ್ಮನಾದರು. ಪರೀಕ್ಷೆಯ ಕೋಣೆಯಲ್ಲಿ ನಿಂತು ನಿಂತು ಅಭ್ಯಾಸವಾದ ಮೌನ ಅದು. ಸುತ್ತು ಮುಗಿದು ತುಂಡು ಬೇರೆಯಾದ ಕೂಡಲೇ ಎದ್ದು ನಿಂತು, "ಟೈಮ್ ಆಯ್ತು. ಎಲ್ಲ ಪೆನ್ ಕೆಳಗಿಡಿ" ಎಂದರು.

ಅಂಚಕ್ಕ ನಕ್ಕುಬಿಟ್ಟಳು. ಬ್ಲೇಡನ್ನು ಕೆಳಗಿಟ್ಟೂ ಬಿಟ್ಟಳು. ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ನೋಡಿರಲಿಲ್ಲ.

ಆ ಮೊದಲ ತುಂಡು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಪಟ್ಟಿಯ ಅಳತೆಗೇ ಇತ್ತು. ಮೇಷ್ಟ್ರು ತೆಗೆದುಕೊಂಡು ಹೋದರು. ಒಂದು ವಾರವಾಯಿತು, ಎರಡಾಯಿತು, ಮೂರಾಯಿತು. ಅಂಚಕ್ಕ ಬಾಯಿಬಿಟ್ಟು ಏನೂ ಕೇಳಲಿಲ್ಲ, ಆದರೆ ಬಾಗಿಲ ಗಂಟೆ ಸದ್ದಾದಾಗಲೆಲ್ಲ, ಕೈಯಲ್ಲಿ ಬ್ಲೇಡಿಲ್ಲದಿದ್ದರೆ, ಒಂದು ಸಲ ಕತ್ತೆತ್ತಿ ನೋಡುವಳು. ನಾಲ್ಕನೆಯ ವಾರ ಮೇಷ್ಟ್ರು ಎರಡನೆಯ ಪಟ್ಟಿ ಹಿಡಿದು ಬಂದರು. ಸ್ಟೂಲಿನ ಮೇಲೆ ಕೂತು, ಎಂಜಿನ್ನು ಹೇಗೆ ಕೂರಿಸಿದೆ, ಫ್ಯಾನಿಗೂ ರೇಡಿಯೇಟರಿಗೂ ನಡುವೆ ಕೈ ತೂರಿಸಲೂ ಜಾಗವಿಲ್ಲ, ಶಾಲೆಯಲ್ಲಿ ಒಬ್ಬ ಹುಡುಗ ಸೊನ್ನೆಗೆ ಯಾಕೆ ಸಾರ್ ಇಷ್ಟು ಬೆಲೆ ಎಂದು ಕೇಳಿದ್ದು, ಎಲ್ಲ ಹೇಳಿದರು. ಅಂಚಕ್ಕ ಹೂಂಗುಟ್ಟುತ್ತ ಮರದ ಗುಂಡು ತೂರಿಸಿದಳು, ಪಟ್ಟಿ ಇಟ್ಟು ಗುರುತು ಹಾಕಿದಳು, ಕ್ಲಿಪ್ಪು ಬಿಗಿದಳು.

ಆಮೇಲೆ ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ಕ್ಲಿಪ್ಪನ್ನು ಕಿರುಬೆರಳಿನ ಉಗುರಿನಗಲ ಆಚೆ ಸರಿಸಿ, ಮತ್ತೆ ಬಿಗಿದಳು.

ನಾನು ನೋಡಿದೆ. ಏನೋ ಸರಿಮಾಡಿಕೊಂಡಿರಬೇಕು ಅಂದುಕೊಂಡೆ.

ಮೂರನೆಯ ದಿನ ಮೇಷ್ಟ್ರು ಅದೇ ತುಂಡು ಹಿಡಿದು ಬಂದರು. "ಅಕ್ಕಾ, ಸ್ವಲ್ಪ ಉದ್ದ ಆಯ್ತು. ಪೈಪು ಹೋಗಿ ಫ್ಯಾನಿಗೆ ತಾಗ್ತಾ ಇದೆ. ನಾನೇ ಪಟ್ಟಿ ತಪ್ಪಾಗಿ ಕತ್ತರಿಸಿದ್ದೆ ಅಂತ ಕಾಣುತ್ತೆ."

"ಅದಕ್ಕೇನಂತೆ, ಕೂತ್ಕೊಳ್ಳಿ. ತೆಗೆದುಕೊಡ್ತೀನಿ" ಎಂದಳು ಅಂಚಕ್ಕ. ಉಗುರಿನಗಲದ ಒಂದು ನೀಲಿ ಉಂಗುರ ಬೇರೆಯಾಗಿ ಗಾಜಿನ ಮೇಲೆ ಬಿತ್ತು. ಅವಳು ಅದನ್ನು ಬುಟ್ಟಿಗೆ ಹಾಕಲಿಲ್ಲ, ಸೆರಗಿನ ತುದಿಯಲ್ಲಿ ಒರೆಸಿ ಡ್ರಾಯರಿನಲ್ಲಿ ಇಟ್ಟಳು.

ಮೂರನೆಯ ತುಂಡೂ ಹಾಗೇ ಆಯಿತು, ನಾಲ್ಕನೆಯದೂ ಹಾಗೇ. ಒಂದೊಂದಕ್ಕೂ ಮೇಷ್ಟ್ರು ಎರಡೆರಡು ಸಲ ಬಂದರು. ಅಂಚಕ್ಕ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡು ಬರತೊಡಗಿದಳು. ಸ್ಟೂಲಿನ ಅಲ್ಲಾಡುವ ಕಾಲಿಗೆ ಕಪ್ಪು ರಬ್ಬರಿನ ತುಂಡೊಂದನ್ನು ಕೊಯ್ದು ತೊಡಿಸಿದಳು. ಬೇರೆಯವರ ತುಂಡುಗಳೆಲ್ಲ ಮೊದಲಿನ ಹಾಗೇ ಕರಾರುವಾಕ್ಕು. ಮೇಷ್ಟ್ರದು ಮಾತ್ರ ಉದ್ದ.

ಒಂದು ದಿನ ಊಟದ ಡಬ್ಬಿ ಬಿಚ್ಚುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಏನಕ್ಕಾ, ಅಂಗಡೀಲಿ ಎಲ್ಲರ ಪೈಪೂ ನೆಟ್ಟಗಿದೆ, ಮೇಷ್ಟ್ರ ಪೈಪು ಮಾತ್ರ ಬೆಳೀತಾ ಇದೆ? ನೀರು ಗೀರು ಹಾಕ್ತೀಯೇನು?"

ಅವಳ ಕಿವಿ ಕೆಂಪಗಾಯಿತು. "ಸುಮ್ನೆ ನಿನ್ನ ಟೇಪು ನೋಡ್ಕೋ."

"ಟೇಪು ನೋಡ್ತಾನೇ ಇದ್ದೀನಿ. ಕಣ್ಣು ಎರಡಿದೆಯಲ್ಲ."

"ಎರಡನ್ನೂ ಮುಚ್ಕೋ ಕಣೇ" ಎಂದಳು. ನಾವಿಬ್ಬರೂ ನಕ್ಕೆವು. ಅವತ್ತು ನಗುವ ಬದಲು ನಾಲ್ಕು ಮಾತು ಆಡಿದ್ದರೆ ಚೆನ್ನಾಗಿತ್ತು. ಆದರೆ ನನಗೂ ಅದು ಹಿತವಾಗಿಯೇ ಇತ್ತು. ಮೇಷ್ಟ್ರು ಬಂದ ದಿನ ಆ ಅಂಗಡಿಯಲ್ಲಿ ಮನುಷ್ಯರ ಸದ್ದು ಇರುತ್ತಿತ್ತು.

ಐದನೆಯ ತುಂಡಿನ ಹೊತ್ತಿಗೆ ಯಜಮಾನರು ಶುರುಮಾಡಿದರು. "ಏನ್ಸಾರ್, ಲೆಕ್ಕದ ಮೇಷ್ಟ್ರಿಗೆ ಒಂದು ಪಟ್ಟಿ ಅಳೆಯೋಕೆ ಬರಲ್ವಾ? ನಿಮ್ಮ ಕೈಲಿ ಓದಿದ ಮಕ್ಕಳೆಲ್ಲ ಎಲ್ಲಿದ್ದಾರೋ ಪಾಪ!" ಮೇಷ್ಟ್ರು ನಕ್ಕರು. ಆದರೆ ಆ ಸಲದ ನಗೆ ಬಾಯಲ್ಲೇ ಉಳಿಯಿತು, ಕಣ್ಣಿಗೆ ಹತ್ತಲಿಲ್ಲ.

ಆರನೆಯ ತುಂಡಿಗೆ ಅವರು ಒಂದೇ ಅಳತೆಗೆ ಮೂರು ಪಟ್ಟಿ ತಂದಿದ್ದರು. "ಮೂರು ಸಲ ಅಳೆದೆ ಅಕ್ಕಾ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಮೂರೂ ಒಂದೇ ಇದೆ ನೋಡಿ" ಎಂದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ತೋರಿಸಿದರು. ಅಂಚಕ್ಕ ನೋಡಿದಳು. ನೋಡಿಯೂ, ಕ್ಲಿಪ್ಪನ್ನು ಸರಿಸಿದಳು. ಅದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಅವಳು ಬದುಕಿದ್ದಾಗಲೇ ಅವಳ ಮುಖಕ್ಕೇ ಹೇಳಿದ್ದೇನೆ.

ಏಳನೆಯ ತುಂಡಿನ ಹೆಚ್ಚಾದ ಉದ್ದ ತೆಗೆಸಲು ಅವರು ವಾಪಸ್ಸು ತಂದದ್ದು ಒಂದು ಗುರುವಾರ ಬೆಳಗ್ಗೆ. ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಹೇಳಿದರು.

"ಇದೊಂದು ಸರಿ ಮಾಡಿಕೊಡಿ ಅಕ್ಕಾ. ಮಿಕ್ಕಿದ್ದೆರಡು ಬೇಡ."

"ಯಾಕೆ ಮೇಷ್ಟ್ರೇ?"

"ಕಾರು ತಗೊಳ್ಳೋಕೆ ಒಬ್ಬ ಬರ್ತಾನೆ, ಇದ್ದ ಹಾಗೇ ತಗೊಂಡು ಹೋಗ್ತಾನೆ." ಕೈಯಲ್ಲಿದ್ದ ತುಂಡನ್ನು ಮೇಜಿನ ಮೇಲಿಟ್ಟು ಮುಂದುವರಿಸಿದರು. "ನಮ್ಮಣ್ಣ ಬಡಗಿ. ಐವತ್ತು ವರ್ಷ ಮರ ಕೊಯ್ದವನು. ಒಂದು ದಿನ ಬಾಗಿಲ ಅಳತೆ ತಪ್ಪಿದ. ಆಮೇಲೆ ಕಿಟಕೀದು ತಪ್ಪಿದ. ನಾವೆಲ್ಲ ಕಣ್ಣಿನ ದೋಷ ಅಂದ್ವಿ. ಎರಡು ವರ್ಷಕ್ಕೆ ತನ್ನ ಮನೆ ದಾರಿನೇ ಮರೆತ. ಕೊನೆಗೆ ನನ್ನನ್ನ ನೀವು ಯಾರು ಅಂತ ಕೇಳ್ತಿದ್ದ. ನನಗೂ ಅದೇ ಶುರುವಾಗಿದೆ, ಗೊತ್ತಾಗ್ತಾ ಇದೆ. ಒಬ್ಬನೇ ಇರೋ ಮನೆ, ಒಲೆ ಆರಿಸೋದು ಮರೆತರೆ ಕೇಳೋರಿಲ್ಲ. ನಮ್ಮಕ್ಕ ತನ್ನ ಊರಿಗೆ ಬಂದುಬಿಡು ಅಂದಿದ್ದಾಳೆ. ಭಾನುವಾರ ಅವಳ ಮಗ ಬಂದು ಕರ್ಕೊಂಡು ಹೋಗ್ತಾನೆ, ಮನೆ ಬೀಗ ಹಾಕೋದು."

ನಾನು ಅಂಚಕ್ಕನ ಕಡೆ ನೋಡಿದೆ. ಅವಳು ಬ್ಲೇಡಿನ ಡಬ್ಬಿಯ ಮುಚ್ಚಳ ತೆಗೆದು, ಹಾಕಿ, ತೆಗೆದು, "ಬ್ಲೇಡು ಮೊಂಡಾಗಿದೆ ಮೇಷ್ಟ್ರೇ. ಹೊಸದು ನಾಳೆ ಬರುತ್ತೆ. ನಾಳೆ ಬನ್ನಿ" ಎಂದಳು. ಡಬ್ಬಿಯಲ್ಲಿ ಹೊಸ ಬ್ಲೇಡುಗಳು ಪಳಪಳ ಅನ್ನುತ್ತಿದ್ದವು.

ಅವರು ಹೋದ ಮೇಲೆ ಯಜಮಾನರು ಊಟಕ್ಕೆ ಎದ್ದುಹೋಗುವುದನ್ನೇ ಕಾದಿದ್ದೆ. "ಅಕ್ಕಾ, ಕೇಳಿಸ್ತಾ? ತಲೆ ಕೆಟ್ಟಿದೆ ಅಂದ್ಕೊಂಡು ಮನೆ ಮುಚ್ತಾ ಇದ್ದಾರೆ. ಯಾರಿಂದ?"

ಅವಳು ಗಾಜಿನ ಹಲಗೆ ಒರೆಸತೊಡಗಿದಳು.

"ನಾಳೆ ಹೇಳಿಬಿಡು."

"ಹೇಳಿದ್ರೆ ಇನ್ನೊಂದ್ಸಲ ಬರಲ್ಲ."

"ಹೇಳದಿದ್ರೂ ಬರಲ್ವಲ್ಲ! ಭಾನುವಾರ ಹೊರಟುಹೋಗ್ತಾರಲ್ಲ!"

"ಹೋಗ್ಲಿ. ಆದ್ರೆ ನನ್ನ ಮೇಲೆ ಬೇಜಾರಿಲ್ದೆ ಹೋಗ್ತಾರೆ" ಎಂದಳು ಅಂಚಕ್ಕ. ಆಮೇಲೆ ಮೆಲ್ಲಗೆ, "ಅಲ್ಲಿ ಕೂತು ಒಂದೊಂದ್ಸಲನಾದ್ರೂ, ಆ ಅಂಗಡೀಲಿ ಒಬ್ಬಳಿದ್ದಳು, ಚೆನ್ನಾಗಿ ಕೊಯ್ತಿದ್ದಳು ಅಂತ ನೆನೀತಾರೆ" ಎಂದಳು.

ನನಗೆ ಸಿಟ್ಟು ಬಂತು. "ಎಷ್ಟು ದಿನ ನೆನೀತಾರೆ? ತಲೆ ಕೆಟ್ಟಿದೆ ಅಂತ ನಂಬಿ ಕೂತ ಮನುಷ್ಯ ನಿಜವಾಗಲೂ ಕೆಡಿಸಿಕೊಳ್ತಾನೆ ಅಕ್ಕಾ." ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಆವತ್ತು ಮಧ್ಯಾಹ್ನ ಅವಳು ಕೊಯ್ದ ಒಂದು ತುಂಡು ಕಸದ ಬುಟ್ಟಿಗೆ ಬಿತ್ತು.

ಶುಕ್ರವಾರ ಮೇಷ್ಟ್ರು ಬಂದರು. ಅಂಚಕ್ಕ ಬೆಳಗ್ಗೆಯಿಂದ ಊಟ ಮಾಡಿರಲಿಲ್ಲ, ಡಬ್ಬಿ ಬಿಚ್ಚಿರಲಿಲ್ಲ. "ಕೂತ್ಕೊಳ್ಳಿ" ಎಂದಳು. ಅವರು ಕೂತರು. ಅವಳು ಏಳನೆಯ ತುಂಡನ್ನು ತೆಗೆದು ಸರಿಯಾದ ಅಳತೆಗೆ ಕೊಯ್ದಳು. ಉಂಗುರ ಬಿತ್ತು. ಪೆನ್ ಕೆಳಗಿಡಿ ಎಂದು ಮೇಷ್ಟ್ರು ಹೇಳಲಿಲ್ಲ.

ಆಗ ಅವಳು ಡ್ರಾಯರು ಎಳೆದು ದಾರದಲ್ಲಿ ಕಟ್ಟಿದ ಒಂದು ಕಟ್ಟು ತೆಗೆದಳು. ರಟ್ಟಿನ ಪಟ್ಟಿಗಳು. ಒಂದರಿಂದ ಏಳರ ತನಕ, ಗೀಟು ಎಳೆದ ಸಂಖ್ಯೆಗಳು. ಮೊಳೆಯಿಂದ ಮೇಷ್ಟ್ರ ಪಟ್ಟಿಗಳು ಕಸಕ್ಕೆ ಬರುತ್ತಿರಲಿಲ್ಲ ಎನ್ನುವುದನ್ನು ನಾನೂ ಗಮನಿಸಿರಲಿಲ್ಲ. ಅವಳು ಏಳನೆಯ ಪಟ್ಟಿಯನ್ನು ಈಗ ಕೊಯ್ದ ತುಂಡಿನ ಪಕ್ಕ ಇಟ್ಟಳು. ಎರಡೂ ಒಂದೇ ಉದ್ದ. ಆಮೇಲೆ ಬಿದ್ದ ಉಂಗುರವನ್ನು ಎತ್ತಿ ತುಂಡಿನ ತುದಿಗೆ ಮತ್ತೆ ಜೋಡಿಸಿ ಹಿಡಿದಳು. ಪಟ್ಟಿಗಿಂತ ಉಗುರಿನಗಲ ಉದ್ದ.

"ನಿಮ್ಮ ಅಳತೆ ಸರಿ ಇತ್ತು ಮೇಷ್ಟ್ರೇ" ಎಂದಳು. "ಏಳೂ ಸರಿ ಇತ್ತು. ಎರಡನೇದರಿಂದ ನಾನೇ ಉದ್ದ ಬಿಟ್ಟೆ. ಬೇಕೂಂತಲೇ. ತಗೊಂಡು ಹೋಗಿ, ಕಾರಿಗೆ ಇಟ್ಟು ಒಂದೊಂದೇ ನೋಡಿ. ನಿಮ್ಮ ತಲೆ ನೆಟ್ಟಗಿದೆ."

ಗಲ್ಲಾದ ಹತ್ತಿರ ಯಜಮಾನರ ಕೈಯಲ್ಲಿದ್ದ ಪೆನ್ನು ಗಾಳಿಯಲ್ಲೇ ನಿಂತಿತು. ಮೇಷ್ಟ್ರು ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಆರನೆಯದರ ಮೂರು ಪಟ್ಟಿಗಳೂ ಇದ್ದವು.

"ಯಾಕಕ್ಕಾ?"

ಅಂಚಕ್ಕ ಸಾಬೂನು ನೀರಿನ ಬಟ್ಟಲನ್ನು ಅತ್ತಿಂದಿತ್ತ ಸರಿಸಿದಳು. "ಮೊದಲ್ನೇದು ಸರಿಯಾಗಿ ಕೊಟ್ಟೆ, ನೀವು ಮೂರು ವಾರ ಬರಲಿಲ್ಲ. ಉದ್ದ ಆದ್ರೆ ಬರ್ತೀರಿ. ಬಂದ್ರೆ ಕೂತು ಮಾತಾಡ್ತೀರಿ."

ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತಿತ್ತು, ಅದರ ಟುಂಯ್ ಟುಂಯ್ ಸದ್ದು ಮುಗಿಯುವ ತನಕ ಮೇಷ್ಟ್ರು ಕೂತಿದ್ದರು.

"ಸುಮ್ನೆ ಬನ್ನಿ ಅಂದಿದ್ರೆ ಬರ್ತಿದ್ದೆನಲ್ಲ" ಎಂದರು. "ನನಗೇನು ಬೇರೆ ಕೆಲಸ ಇತ್ತು?"

ಅಂಚಕ್ಕನಿಗೆ ಆ ಮಾತು ಬಡಿದಷ್ಟು ಬೈಗುಳ ಬಡಿಯುತ್ತಿರಲಿಲ್ಲ.

"ಆರು ತಿಂಗಳಿಂದ ದಿನಾ ಎದ್ದ ಕೂಡ್ಲೇ ಮೊದಲು ನನ್ನ ಹೆಸರು ಹೇಳ್ಕೊಳ್ತಿದ್ದೆ ಅಕ್ಕಾ" ಎಂದರು ಮೇಷ್ಟ್ರು. "ಆಮೇಲೆ ಹೆಂಡತಿ ಹೆಸರು. ಆಮೇಲೆ ಬೀದಿ ಹೆಸರು. ಎಲ್ಲ ನೆನಪಿದೆಯಾ ಅಂತ." ಇಷ್ಟು ಹೇಳಿ, ಪಟ್ಟಿಗಳಿಗೆ ಮತ್ತೆ ದಾರ ಸುತ್ತಿ, ತುಂಡನ್ನು ನನ್ನ ಹತ್ತಿರ ತಂದರು. ನಾನು ಕಾಗದ ಸುತ್ತಿ ಟೇಪು ಹಚ್ಚಿಕೊಟ್ಟೆ. ನನ್ನ ಮುಖವನ್ನೂ ಒಂದು ಸಲ ನೋಡಿದರು. ನನಗೂ ಗೊತ್ತಿತ್ತೆಂದು ಅವರಿಗೆ ಅರ್ಥವಾಯಿತು. ಬಾಗಿಲಲ್ಲಿ ನಿಂತು, ಹಿಂದೆ ತಿರುಗದೆ, "ಮಿಕ್ಕಿದ್ದೆರಡಕ್ಕೆ ಪಟ್ಟಿ ಕಳಿಸ್ತೀನಿ" ಎಂದರು.

ಪಟ್ಟಿಗಳು ಸೋಮವಾರ ಬಂದವು, ಅವರ ಪಕ್ಕದ ಮನೆಯವನ ಕೈಯಲ್ಲಿ. ಅಂದರೆ ಭಾನುವಾರ ಅವರು ಹೋಗಲಿಲ್ಲ, ಮನೆಗೆ ಬೀಗ ಬೀಳಲಿಲ್ಲ, ಕಾರನ್ನೂ ಕೊಡಲಿಲ್ಲ. ಅಂಚಕ್ಕ ಎಂಟನ್ನೂ ಒಂಬತ್ತನ್ನೂ ಕೊಯ್ದಳು. ಕ್ಲಿಪ್ಪನ್ನು ಬಿಗಿದ ಮೇಲೆ ಸ್ಕೇಲು ಇಟ್ಟು ನೋಡಿದಳು, ಪಟ್ಟಿ ಇಟ್ಟು ನೋಡಿದಳು, ಮತ್ತೆ ಸ್ಕೇಲು ಇಟ್ಟು ನೋಡಿದಳು. ಅಷ್ಟು ಹೊತ್ತು ತೆಗೆದುಕೊಂಡು ಅವಳು ಯಾವ ತುಂಡನ್ನೂ ಕೊಯ್ದಿರಲಿಲ್ಲ. ಎರಡೂ ಪಟ್ಟಿಗಳನ್ನು ತುಂಡುಗಳ ಜೊತೆಗೇ ಇಟ್ಟು ಸುತ್ತಲು ನನಗೆ ಕೊಟ್ಟಳು. ಪಕ್ಕದ ಮನೆಯವನು ತೆಗೆದುಕೊಂಡು ಹೋದ. ಯಾವುದೂ ವಾಪಸ್ಸು ಬರಲಿಲ್ಲ.

ಎರಡು ತಿಂಗಳಾಗಿರಬೇಕು. ಬೆಳಗ್ಗೆ ಹನ್ನೊಂದರ ಹೊತ್ತು. ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಅಂಚಕ್ಕ ಒಂದು ದಪ್ಪನೆಯ ಕಪ್ಪು ಪೈಪಿಗೆ ಆಗಷ್ಟೇ ಬ್ಲೇಡು ಇಟ್ಟಿದ್ದಳು. ಬೀದಿಯಲ್ಲಿ ಒಂದು ಕಾರು ಬಂದು ಅಂಗಡಿಯ ಎದುರಿಗೆ ನಿಂತಿತು. ಎಂಜಿನ್ನಿನ ಸದ್ದು ಆ ಸಣ್ಣ ಕಾರಿಗೆ ಹೊಂದುವ ಸದ್ದಾಗಿರಲಿಲ್ಲ, ಗುಡುಗುಡು ಅನ್ನುತ್ತಿತ್ತು. ಬಾಗಿಲ ಗಾಜಿನಿಂದ ನನಗೆ ಕಂಡಿತು, ಒಳಗೆ ಮೇಷ್ಟ್ರು, ಅದೇ ಇಸ್ತ್ರಿ ಅಂಗಿ. ಪಕ್ಕದ ಸೀಟು ಖಾಲಿ. ಅವರು ಇಳಿಯಲಿಲ್ಲ. ಒಂದು ಸಲ ಹಾರ್ನ್ ಮಾಡಿದರು.

ಅಂಚಕ್ಕನಿಗೆ ಯಾರೆಂದು ಗೊತ್ತಾಯಿತು. ಅವಳ ಬೆನ್ನು ನೆಟ್ಟಗಾಯಿತು. ಆದರೆ ಕೈ ಪೈಪನ್ನು ತಿರುಗಿಸುತ್ತಲೇ ಇತ್ತು. ಇನ್ನೂ ಕಾಲು ಸುತ್ತೂ ಆಗಿರಲಿಲ್ಲ.

ಅವರು ಕಾದರು. ಇವಳು ತಿರುಗಿಸಿದಳು. ಇವಳು ಬ್ಲೇಡು ಹಿಡಿದಿದ್ದಾಳೆಂದು ಅವರಿಗೆ ಹೊರಗಿನಿಂದ ಹೇಗೆ ಗೊತ್ತಾಗಬೇಕು? ಒಳಗೆ ಬರಲು ಅವರಿಗೆ ಕಾಲು ಬಂದಿರಲಿಕ್ಕಿಲ್ಲ, ಇವಳೇ ಹೊರಗೆ ಬರಲಿ ಎಂದು ಕಾದಿರಬೇಕು. ನಾನು ಎದ್ದು ಬಾಗಿಲು ತೆಗೆದು, ಒಂದು ನಿಮಿಷ ಇರಿ ಮೇಷ್ಟ್ರೇ ಎನ್ನಬಹುದಿತ್ತು. ನನ್ನ ಮೇಜಿಗೂ ಬಾಗಿಲಿಗೂ ಮೂರು ಹೆಜ್ಜೆ. ಕೈಯಲ್ಲಿ ಟೇಪಿನ ತುದಿ ಹಿಡಿದು ಕೂತೇ ಇದ್ದೆ. ಅವರ ಮುಖ ನೋಡಲು ನನಗೂ ನಾಚಿಕೆ.

ಎರಡನೆಯ ಸಲ ಹಾರ್ನ್ ಆಯಿತು, ಮೊದಲಿನದಕ್ಕಿಂತ ಚಿಕ್ಕದು.

ಆಗ ಬ್ಲೇಡು ನಿಂತಿತು. ನಾನು ಕಣ್ಣಾರೆ ನೋಡಿದೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅಂಚಕ್ಕನ ಎರಡೂ ಕೈ ನಿಂತುಹೋದವು. ಆಮೇಲೆ ಪೈಪು ಮತ್ತೆ ತಿರುಗತೊಡಗಿತು.

ಸುತ್ತು ಮುಗಿಸಿ ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಾಗ ಬೀದಿ ಖಾಲಿಯಿತ್ತು. ಕಾರು ನಿಂತಿದ್ದ ಜಾಗವನ್ನು ಬಗ್ಗಿ ನೋಡಿದಳು. "ಒಂದು ಹನಿ ಬಿದ್ದಿಲ್ಲ ನೋಡು" ಎಂದಳು. ನಿಜ, ರಸ್ತೆ ಒಣಗಿತ್ತು. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಬಂದಳು.

ಮೇಷ್ಟ್ರು ಮತ್ತೆ ಬರಲಿಲ್ಲ. ಅವರಿಗೆ ಏನೂ ಆಗಿರಲಿಲ್ಲ, ಕಾರು ಓಡಿಸಿಕೊಂಡು ಅಕ್ಕನ ಊರಿಗೆ ಹೋಗಿಬರುತ್ತಾರೆಂದು ಯಜಮಾನರು ಎಲ್ಲೋ ಕೇಳಿಕೊಂಡು ಬಂದು ಹೇಳುತ್ತಿದ್ದರು. ಅಂಚಕ್ಕ ಇನ್ನೂ ಐದು ವರ್ಷ ಕೊಯ್ದಳು. ಸ್ಟೂಲು ಅಲ್ಲೇ ಇತ್ತು, ಬೇರೆ ಗಿರಾಕಿಗಳು ಕೂರುತ್ತಿದ್ದರು. ಅವಳು ತೀರಿಕೊಂಡಾಗ ಕೋಣೆ ಖಾಲಿ ಮಾಡಲು ಹೋದವಳು ನಾನು. ಕಿಟಕಿಯ ಕಟ್ಟೆಯ ಮೇಲೆ ಆರು ನೀಲಿ ಉಂಗುರಗಳು ಸಾಲಾಗಿದ್ದವು, ಧೂಳಿರಲಿಲ್ಲ. ಎರಡನೆಯ ಲೋಟದ ಚೀಟಿ ಹಾಗೇ ಇತ್ತು.

ಆವತ್ತು ಹಾರ್ನ್ ಆದಾಗ ಕೊಯ್ದ ಕಪ್ಪು ತುಂಡನ್ನು ಅವಳು ಗಾಜಿನ ಮೇಲೆ ನಿಲ್ಲಿಸಿ ಬೆಳಕಿಗೆ ನೋಡಿದ್ದಳು. ನನ್ನನ್ನೂ ಕರೆದು ತೋರಿಸಿದ್ದಳು. ಒಂದು ಕಡೆ ಸಣ್ಣ ಎಳೆಯಷ್ಟು ಬೆಳಕು ಬರುತ್ತಿತ್ತು. ಗಿರಾಕಿಗೆ ಬೇರೆ ತುಂಡು ಕೊಯ್ದುಕೊಟ್ಟಳು. ಇದನ್ನು ಬುಟ್ಟಿಗೆ ಹಾಕಲು ನನ್ನ ಕೈಗೆ ಕೊಟ್ಟಳು, ನಾನು ಹಾಕಲಿಲ್ಲ. ಈಗ ನನ್ನ ಮೇಜಿನ ಮೇಲಿದೆ, ಪೆನ್ನು ನಿಲ್ಲಿಸುವುದು ಅದರಲ್ಲೇ. ಅಂಚಿನ ಮೇಲೆ ಬೆರಳಾಡಿಸಿದರೆ ಆ ಮೆಟ್ಟಿಲು ಸಿಗುತ್ತದೆ.